ಹತ್ತು ಲೀಟರ್ ಹೊಂಗೆ ಎಣ್ಣೆ ಸೋಪಾದ ಮೇಲೆ

ಕ್ಯಾನಿನ ಮುಚ್ಚಳ ತೆಗೆದಾಗ ಬೆಳಗ್ಗೆ ಆರೂವರೆ. ರಾತ್ರಿಯಿಡೀ ಬಿಟ್ಟಿದ್ದ ಎಣ್ಣೆ ಅಷ್ಟೊತ್ತಿಗೆ ಎರಡು ಪದರವಾಗಿ ನಿಂತಿರಬೇಕಿತ್ತು. ಮೇಲೆ ತೆಳ್ಳಗಿನ ಜೈವಿಕ ಡೀಸೆಲ್, ಕೆಳಗೆ ಕಾಕಂಬಿಯಂಥ ಕಪ್ಪು ಗ್ಲಿಸರಿನ್. ಕಂಡದ್ದು ಒಂದೇ ಮುದ್ದೆ. ಸೌಟು ಅದ್ದಿದರೆ ಆರಿದ ಗಂಜಿಯ ಹಾಗೆ ಅಲುಗಾಡಿತು. ಅಮ್ಮ ಹಿತ್ತಲಿನಿಂದ ಬಂದವರು ಕಡ್ಡಿಯ ತುದಿಯಲ್ಲಿ ಸ್ವಲ್ಪ ತೆಗೆದು ಚೆಂಬಿನ ನೀರಿಗೆ ಅದ್ದಿ ತಿರುಗಿಸಿದರು. ಬೆಳ್ಳನೆ ನೊರೆ ಬಂತು.

"ಇದು ಸೋಪು ಕಣೋ. ಎಣ್ಣೆ ಎಲ್ಲಿ ಉಳ್ದೈತೆ ಇದರಲ್ಲಿ?"

ಅಮ್ಮ ಹೇಳಿದ್ದು ಸರಿ ಇತ್ತು. ಅದು ಯಾಕೆ ಹಾಗಾಯಿತು, ಆಮೇಲೆ ಏನು ಮಾಡಿದೆ, ಕೆಟ್ಟ ಮುದ್ದೆಯನ್ನು ಮತ್ತೆ ಎಣ್ಣೆಯಾಗಿ ವಾಪಸ್ ತಂದದ್ದು ಹೇಗೆ ಅನ್ನುವುದೆಲ್ಲ ಇಲ್ಲಿದೆ. ಹೊಂಗೆ ಮರ ಇರುವವರು, ಅದರ ಎಣ್ಣೆಯಿಂದ ಜೈವಿಕ ಡೀಸೆಲ್ ಮಾಡಿ ನೋಡಬೇಕು ಅಂದುಕೊಂಡವರು ನಮ್ಮ ಕಡೆ ತುಂಬಾ ಜನ ಇದ್ದಾರೆ. ಅವರ ಹತ್ತು ಲೀಟರ್ ಆದರೂ ಉಳಿಯಲಿ.

ನಮ್ಮದು ಆಲೂರು ತಾಲ್ಲೂಕು. ತೋಟದ ಬೇಲಿಯುದ್ದಕ್ಕೂ ಹನ್ನೆರಡು ಹೊಂಗೆ ಮರ, ಎಲ್ಲ ಅಪ್ಪ ನೆಟ್ಟದ್ದು. ಸೊಪ್ಪನ್ನು ಗದ್ದೆಗೆ ಹಾಕಿ ತುಳಿಯುತ್ತಿದ್ದೆವು, ಎಣ್ಣೆ ದೀಪಕ್ಕೆ ಆಗುತ್ತಿತ್ತು, ಹಿಂಡಿ ಗಿಡದ ಬುಡಕ್ಕೆ. ನಾನು ಹಾಸನದ ಒಂದು ಪಿಯು ಕಾಲೇಜಿನಲ್ಲಿ ಕೆಮಿಸ್ಟ್ರಿ ಮೇಷ್ಟ್ರು. ಹಳ್ಳದ ದಂಡೆಯಲ್ಲಿ ಐದು ಎಚ್‌ಪಿಯ ಹಳೇ ಡೀಸೆಲ್ ಪಂಪ್‌ಸೆಟ್ ಇದೆ. ಬೇಸಿಗೆಯಲ್ಲಿ ಕರೆಂಟ್ ಕೈಕೊಟ್ಟರೆ ಅಡಿಕೆಗೂ ಮೆಣಸಿನ ಬಳ್ಳಿಗೂ ಅದೇ ಗತಿ. ಹಾಸನದ ಹತ್ತಿರ ಮಡೆನೂರಿನಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯ ಶುರು ಮಾಡಿದ ಜೈವಿಕ ಇಂಧನ ಪಾರ್ಕ್ ಇದೆ. ಹುಡುಗರನ್ನು ಕರೆದುಕೊಂಡು ಒಮ್ಮೆ ಅಲ್ಲಿಗೆ ಹೋಗಿದ್ದೆ. ವಾಪಸ್ ಬರುವಾಗ ಬಸ್ಸಿನಲ್ಲಿ ಕೂತು ಯೋಚಿಸಿದ್ದು ಇಷ್ಟೇ: ಪಾಠದಲ್ಲಿ ವರ್ಷವರ್ಷ ಬಿಡಿಸುವ ಎಸ್ಟರ್ ಕ್ರಿಯೆ ನಮ್ಮ ಬೇಲಿಯಲ್ಲೇ ನೇತಾಡುತ್ತಿದೆ.

ಮಾರ್ಚ್‌ನಲ್ಲಿ ಕಾಯಿ ಬಡಿದು ಆಯ್ದೆವು. ಆಗ ಮಾಡಿದ ಒಂದು ಕೆಲಸ ಆಮೇಲೆ ಇಡೀ ಕಥೆಯನ್ನೇ ತಿರುಗಿಸಿತು. ಬೀಜ ಬಿಡಿಸಿ, ಸರಿಯಾಗಿ ಒಣಗಿಸದೆ, ಗೋಣಿಚೀಲಕ್ಕೆ ತುಂಬಿ ಅಟ್ಟಕ್ಕೆ ಹಾಕಿದೆ. ಜೂನ್ ಬಂತು, ಮಳೆ ಹಿಡಿಯಿತು. ನಮ್ಮ ಕಡೆ ಮಳೆಗಾಲ ಅಂದರೆ ಗೋಡೆಗೂ ಬೂಷ್ಟು ಬರುತ್ತದೆ. ಅಕ್ಟೋಬರ್‌ನಲ್ಲಿ ಚೀಲ ಇಳಿಸಿದಾಗ ಕೆಲವು ಬೀಜದ ಮೇಲೆ ಬಿಳಿ ಬೂಷ್ಟು ಇತ್ತು. ಒರೆಸಿ, ಎರಡು ದಿನ ಬಿಸಿಲಿಗೆ ಹಾಕಿ, ಎಣ್ಣೆ ಮಿಲ್ಲಿಗೆ ಕೊಟ್ಟೆ. ನೂರು ಕೆಜಿ ಬೀಜಕ್ಕೆ 26 ಲೀಟರ್ ಎಣ್ಣೆ ಬಂತು. ಬಣ್ಣ ಕಂದು ಕೆಂಪು, ವಾಸನೆ ಕಟುವಾಗಿತ್ತು.

ಎಣ್ಣೆಗೆ ಮೆಥನಾಲ್ ಅನ್ನುವ ಆಲ್ಕೊಹಾಲನ್ನೂ ಸ್ವಲ್ಪ ಕಾಸ್ಟಿಕ್ ಕ್ಷಾರವನ್ನೂ ಹಾಕಿ ಬಿಸಿಯಲ್ಲಿ ಕಲಕುವುದು, ಕೆಲಸ ಅಷ್ಟೇ. ಇನ್ನು ಪಾತ್ರೆ. ಇದಕ್ಕೆ ದೊಡ್ಡ ಯಂತ್ರ ಬೇಡ, ಆದರೆ ಲೋಹ ನೋಡಿ ಆರಿಸಬೇಕು. ಹಾಸನದಲ್ಲಿ ಹಾಲಿನ ಕ್ಯಾನಿಗೆ ಬರ ಇಲ್ಲ. ವೆಲ್ಡಿಂಗ್ ಅಂಗಡಿಯ ಅಣ್ಣ ಮೊದಲು ತಂದದ್ದು ನಲವತ್ತು ಲೀಟರಿನ ಅಲ್ಯೂಮಿನಿಯಂ ಕ್ಯಾನ್. "ಹಗುರ ಇದೆ, ಅಗ್ಗನೂ ಆಯ್ತದೆ ತಗೊಳ್ಳಿ ಮೇಷ್ಟ್ರೇ" ಅಂದರು. ಬೇಡ ಅಂದೆ. ಕಾಸ್ಟಿಕ್ ಬಿದ್ದರೆ ಅಲ್ಯೂಮಿನಿಯಂ ಕರಗಿ ಹೈಡ್ರೋಜನ್ ಗಾಳಿ ಏಳುತ್ತದೆ, ಸತು ಬಳಿದ ಜಿಐ ತಗಡಿಗೂ ಇದೇ ಗತಿ. ಅವರು ನಂಬಲಿಲ್ಲ. ಕ್ಯಾನಿನ ಒಡೆದ ಮುಚ್ಚಳದ ಚೂರೊಂದನ್ನು ಗಾಜಿನ ಲೋಟದ ಕಾಸ್ಟಿಕ್ ನೀರಿಗೆ ಹಾಕಿ ತೋರಿಸಿದೆ. ಮೊದಲು ಸುಮ್ಮನಿತ್ತು. ಅರ್ಧ ನಿಮಿಷಕ್ಕೆ ಅಂಚಿನಲ್ಲಿ ಸಣ್ಣ ಗುಳ್ಳೆ, ಆಮೇಲೆ ಸೋಡಾ ಬಾಟಲಿಯ ಹಾಗೆ ಮೊರೆಯಿತು. ಅಣ್ಣ ಮಾತಾಡದೆ ಹೋಗಿ ಸ್ಟೀಲ್ ಕ್ಯಾನ್ ತಂದರು.

ಕ್ಯಾನಿನ ಬುಡದ ಪಕ್ಕದಲ್ಲಿ ತೂತು ಹೊಡೆದು ಅರ್ಧ ಇಂಚಿನ ಸ್ಟೀಲ್ ಬಾಲ್ ವಾಲ್ವ್ ಕೂರಿಸಿದೆವು. ವಾಲ್ವಿನ ಮುಂದೆ ಒಂದು ಗೇಣು ಪಾರದರ್ಶಕ ಪೈಪು. ಒಳಗೆ ಏನು ಹರಿಯುತ್ತಿದೆ ಅಂತ ಕಣ್ಣಿಗೆ ಕಾಣುವುದು ಅದರಲ್ಲಿ ಮಾತ್ರ. ಮುಚ್ಚಳದ ನಡುವೆ ಕಲಕುವ ಶಾಫ್ಟ್, ಅದರ ತುದಿಗೆ ಎರಡು ರೆಕ್ಕೆ. ಥೇಟ್ ಮಜ್ಜಿಗೆ ಕಡೆಯುವ ಕಡಗೋಲು. ಸುಮ್ನೆ ತಿರುಗಿಸಿದರೆ ಎಣ್ಣೆ ಕ್ಯಾನಿನ ಜೊತೆಗೇ ಸುತ್ತು ಹಾಕುತ್ತದೆ, ಬೆರೆಯುವುದಿಲ್ಲ. ಅದಕ್ಕೆ ಒಳಗೋಡೆಗೆ ಉದ್ದುದ್ದ ಎರಡು ಪಟ್ಟಿ ವೆಲ್ಡ್ ಮಾಡಿಸಿದೆ. ಶಾಫ್ಟಿನ ಸುತ್ತ ಆವಿ ಸೋರದ ಹಾಗೆ ಪಂಪಿಗೆ ಹಾಕುವ ಗ್ಲ್ಯಾಂಡ್ ರೋಪ್ ಸುತ್ತಿದೆ. ಮುಚ್ಚಳದಿಂದ ಮೂರಡಿ ಸ್ಟೀಲ್ ಪೈಪೊಂದು ನೆಟ್ಟಗೆ ಮೇಲೆ ಹೋಗುತ್ತದೆ, ಅದಕ್ಕೆ ಒದ್ದೆ ಬಟ್ಟೆ. ಮೇಲೇರಿದ ಮೆಥನಾಲ್ ಆವಿ ಅಲ್ಲಿ ತಣ್ಣಗಾಗಿ ಹನಿಯಾಗಿ ಕ್ಯಾನಿಗೇ ಇಳಿಯುತ್ತದೆ.

ಮೋಟಾರ್ ಹಳೇ ಗ್ರೈಂಡರಿನದು. ಅದನ್ನು ಗೋಡೆಯ ಆಚೆ ಬದಿಗೆ ಕೂರಿಸಿ ಉದ್ದ ಬೆಲ್ಟ್ ಹಾಕಿದೆ, ಸ್ವಿಚ್ ಮನೆಯೊಳಗೆ. ಎರಡು ಇಂಚು, ಆರು ಇಂಚಿನ ಪುಲ್ಲಿ ಹಾಕಿದ್ದರಿಂದ 1440 ಸುತ್ತು 480ಕ್ಕೆ ಇಳಿಯಿತು. ಇಷ್ಟು ದೂರ ಯಾಕೆ ಅಂದರೆ ಮೆಥನಾಲ್ ಆವಿಗೆ ಒಂದು ಕಿಡಿ ಸಾಕು. ಅದರ ಉರಿ ಹಗಲಲ್ಲಿ ಕಣ್ಣಿಗೂ ಸರಿಯಾಗಿ ಕಾಣುವುದಿಲ್ಲ. ಅದಕ್ಕೇ ಕ್ಯಾನಿನ ಕೆಳಗೆ ಬೆಂಕಿ ಬೇಡವೇ ಬೇಡ ಅಂತ ಮೊದಲೇ ತೀರ್ಮಾನ ಮಾಡಿದ್ದೆ. ಬಚ್ಚಲಮನೆಯ ಹಂಡೆಯಲ್ಲಿ ನೀರು ಕಾಯಿಸಿ, ಒಲೆ ಆರಿಸಿ, ಬಕೆಟ್ಟಿನಲ್ಲಿ ಹೊತ್ತು ತಂದು ಅರ್ಧಕ್ಕೆ ಕತ್ತರಿಸಿದ ಡ್ರಮ್ಮಿಗೆ ತುಂಬಿ, ಅದರಲ್ಲಿ ಕ್ಯಾನ್ ಇಳಿಸುವುದು. ಎಂಬತ್ತು ಲೀಟರ್ ಬಿಸಿನೀರು ಎರಡು ಗಂಟೆ ಆರಾಮಾಗಿ ಕಾವು ಹಿಡಿಯುತ್ತದೆ. ನಡುವೆ ಒಂದೆರಡು ಬಕೆಟ್ ಬದಲಿಸಿದರೆ ಆಯಿತು.

ನವೆಂಬರ್‌ನ ಮೊದಲ ಶನಿವಾರ ಹತ್ತು ಲೀಟರ್ ಎಣ್ಣೆ ಹಾಕಿದೆ. ಎರಡೂವರೆ ಲೀಟರ್ ಮೆಥನಾಲ್. ಪೊಟ್ಯಾಸಿಯಂ ಹೈಡ್ರಾಕ್ಸೈಡ್ 80 ಗ್ರಾಂ, ಅಂದರೆ ಲೀಟರಿಗೆ 8. ಇದು ಗೊಬ್ಬರದ ಪೊಟ್ಯಾಷ್ ಅಲ್ಲ, ಚರ್ಮ ಸುಡುವ ಕಾಸ್ಟಿಕ್ ಪೊಟ್ಯಾಷ್. ಹೊಸ ಅಡುಗೆ ಎಣ್ಣೆಗೆ ಈ ಲೆಕ್ಕ ಸರಿ. ಹೊಂಗೆಗೂ ಆಗುತ್ತದೆ ಅಂದುಕೊಂಡೆ. ಒಂದು ಗಂಟೆ ಕಲಕಿ ನಿಲ್ಲಿಸಿದೆ. ಪದರ ಬೀಳಲಿಲ್ಲ. ಕ್ಯಾಟಲಿಸ್ಟ್, ಅಂದರೆ ಕ್ರಿಯೆ ನಡೆಸಿಕೊಡುವ ಆ ಪೊಟ್ಯಾಷ್, ಕಮ್ಮಿಯಾಯಿತೇನೋ ಅಂತ ಇನ್ನೂ 60 ಗ್ರಾಂ ಸೇರಿಸಿ ಮತ್ತೆ ಕಲಕಿದೆ. ಗಟ್ಟಿಯಾಗುತ್ತಾ ಬಂತು. ಬೆಲ್ಟ್ ಕೀಚಲು ದನಿ ಮಾಡಿತು. ಬೆಳಗ್ಗೆ ನೋಡಿದ್ದು ಆ ಮುದ್ದೆ.

ಸೋಮವಾರ ಕಾಲೇಜಿನ ಲ್ಯಾಬಿಗೆ ಒಂದು ಬಾಟಲಿ ಎಣ್ಣೆ ಒಯ್ದೆ. ಮೊದಲೇ ಮಾಡಬೇಕಿದ್ದ ಪರೀಕ್ಷೆ ಅದು. ಒಂದು ಲೀಟರ್ ಡಿಸ್ಟಿಲ್ಡ್ ನೀರಿಗೆ ನಾನು ಬಳಸಿದ ಅದೇ ಪೊಟ್ಯಾಷ್ ಒಂದು ಗ್ರಾಂ. ಇನ್ನೊಂದು ಕಡೆ 10 ಎಂಎಲ್ ಐಸೊಪ್ರೊಪೈಲ್ ಆಲ್ಕೊಹಾಲಿಗೆ ಒಂದೇ ಒಂದು ಎಂಎಲ್ ಎಣ್ಣೆ, ಎರಡು ಹನಿ ಫಿನಾಲ್ಫ್ತಲೀನ್. ಆ ಪೊಟ್ಯಾಷ್ ನೀರನ್ನು ಬ್ಯೂರೆಟ್ಟಿನಿಂದ, ಅಂದರೆ ಅಳತೆ ಗೆರೆ ಇರುವ ಗಾಜಿನ ಕೊಳವೆಯಿಂದ, ಇದಕ್ಕೆ ಹನಿಹನಿಯಾಗಿ ಬಿಡಬೇಕು. ಗುಲಾಬಿ ಬಂದು ಅರ್ಧ ನಿಮಿಷ ನಿಂತರೆ ಮುಗಿಯಿತು. ಎಷ್ಟು ಎಂಎಲ್ ಹೋಯಿತೋ, ಒಂದು ಲೀಟರ್ ಎಣ್ಣೆಯಲ್ಲಿರುವ ಬಿಡಿ ಆಮ್ಲ (ಎಣ್ಣೆಯ ಅಣುವಿನಿಂದ ಕಳಚಿಕೊಂಡ ಕೊಬ್ಬಿನಾಮ್ಲ) ಅಷ್ಟು ಗ್ರಾಂ ಪೊಟ್ಯಾಷನ್ನು ತಿನ್ನುತ್ತದೆ. ಮನೆಯಲ್ಲಿ ಫಿನಾಲ್ಫ್ತಲೀನ್ ಇಲ್ಲದಿದ್ದರೆ ಅರಿಶಿನವೂ ಆಗುತ್ತದೆ. ಅರಿಶಿನಕ್ಕೆ ಸುಣ್ಣ ಬಿದ್ದರೆ ಕೆಂಪಾಗುವುದನ್ನು ನಮ್ಮ ಮನೆಗಳಲ್ಲಿ ಯಾರೂ ಹೇಳಿಕೊಡಬೇಕಿಲ್ಲ.

ಹೋಲಿಸಿ ನೋಡಲು ಮೊದಲು ಸೂರ್ಯಕಾಂತಿ ಎಣ್ಣೆ ಇಟ್ಟೆ. 0.3 ಎಂಎಲ್‌ಗೆ ಗುಲಾಬಿ. ಆಮೇಲೆ ನಮ್ಮ ಹೊಂಗೆ. 5 ಆಯಿತು, 8 ಆಯಿತು, 10 ದಾಟಿತು. ಹನಿ ಬಿದ್ದಲ್ಲಿ ಗುಲಾಬಿ ಮಿಂಚಿ ಮಾಯವಾಗುತ್ತಿತ್ತು. ನಿಂತದ್ದು 12.5ಕ್ಕೆ. ಇನ್ನೆರಡು ಸಲ ಮಾಡಿದೆ: 12.8, 12.6.

ಬ್ಯೂರೆಟ್ಟಿನ ಮುಂದೆ ನಿಂತಲ್ಲೇ ಎಲ್ಲ ಅರ್ಥವಾಯಿತು. ಲೀಟರಿಗೆ 12.6 ಗ್ರಾಂ ತಿನ್ನುವ ಎಣ್ಣೆಗೆ ನಾನು ಹಾಕಿದ್ದು 8 ಗ್ರಾಂ. ಕ್ರಿಯೆ ನಡೆಸಲು ಒಂದು ಚೂರೂ ಉಳಿದಿರಲಿಲ್ಲ. ಮೇಲೆ ಹಾಕಿದ 6 ಗ್ರಾಂನಲ್ಲೂ ಹೆಚ್ಚಿನದೆಲ್ಲ ಅದೇ ಹಾದಿ ಹಿಡಿಯಿತು. ನಾನು ಕ್ಯಾಟಲಿಸ್ಟ್ ಅಂತ ಹಾಕಿದ್ದು ಅಲ್ಲಿ ಕ್ಯಾಟಲಿಸ್ಟ್ ಆಗಲೇ ಇಲ್ಲ. ಬಿಡಿ ಆಮ್ಲದ ಜೊತೆ ಸೇರಿ ಸೋಪು ಮತ್ತು ನೀರು ಆಗಿ ಖರ್ಚಾಗಿ ಹೋಯಿತು.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಯಾಕೆಂದರೆ ವಿಷಯ ಇರುವುದೇ ಇಲ್ಲಿ.

ಎಣ್ಣೆಯ ಒಂದು ಅಣು ಅಂದರೆ ಮೂರು ಹಲ್ಲಿನ ಹಲುಬೆ ಅಂದುಕೊಳ್ಳಿ. ಮೇಲಿನ ಅಡ್ಡಪಟ್ಟಿ ಗ್ಲಿಸರಾಲ್ (ಗ್ಲಿಸರಿನ್ ಅಂದರೂ ಅದೇ), ಮೂರು ಉದ್ದ ಹಲ್ಲು ಕೊಬ್ಬಿನಾಮ್ಲ. ಹೊಂಗೆಯಲ್ಲಿ ಜಾಸ್ತಿ ಇರುವುದು ಓಲಿಕ್ ಆಮ್ಲ. ಹಲ್ಲು ಪಟ್ಟಿಗೆ ಸೇರುವ ಬೆಸುಗೆಯೇ ಎಸ್ಟರ್. ಇಷ್ಟು ದೊಡ್ಡ ಅಣು ಆದ್ದರಿಂದಲೇ ಎಣ್ಣೆ ಮಂದ. ಹಾಗೇ ಎಂಜಿನ್ನಿಗೆ ಹಾಕಿದರೆ ನಾಜಲ್ಲಿನಲ್ಲಿ ಸರಿಯಾಗಿ ಸಿಡಿಯುವುದಿಲ್ಲ, ಕರಿ ಕಟ್ಟುತ್ತದೆ. ಮೂರು ಹಲ್ಲನ್ನೂ ಪಟ್ಟಿಯಿಂದ ಬಿಡಿಸಿ ಒಂದೊಂದಕ್ಕೂ ಮೆಥನಾಲಿನ ಪುಟ್ಟ ಹಿಡಿ ಹಾಕಿದರೆ ತೆಳ್ಳಗಿನ ಮೀಥೈಲ್ ಎಸ್ಟರ್ ಸಿಗುತ್ತದೆ. ಅದೇ ಜೈವಿಕ ಡೀಸೆಲ್.

ಎಣ್ಣೆ, ಮೆಥನಾಲ್ ಎರಡನ್ನೇ ಬೆರೆಸಿ ಇಟ್ಟರೆ ಈ ಬದಲಾವಣೆ ನಡೆಯುವುದೇ ಇಲ್ಲ ಅನ್ನುವಷ್ಟು ನಿಧಾನ. ಪೊಟ್ಯಾಷ್ ಹಾಕಿದಾಗ ಮೆಥನಾಲಿನ ಕೆಲವು ಅಣುಗಳು ತಮ್ಮ ಹೈಡ್ರೋಜನ್ ಕಳೆದುಕೊಂಡು ಮೆಥಾಕ್ಸೈಡ್ ಆಗುತ್ತವೆ. ಅದು ಹಸಿದ ಅಣು. ಎಸ್ಟರ್ ಬೆಸುಗೆಯ ಇಂಗಾಲಕ್ಕೆ ನೇರ ಬಂದು ಅಂಟಿಕೊಳ್ಳುತ್ತದೆ. ಒಂದು ಕ್ಷಣ ಆ ಇಂಗಾಲಕ್ಕೆ ನಾಲ್ಕು ಕಡೆಯಿಂದಲೂ ಹಿಡಿತ. ಆಮೇಲೆ ಹಳೇ ಹಿಡಿತ ಬಿಟ್ಟು ಹಲ್ಲು ಕಳಚುತ್ತದೆ. ಪಟ್ಟಿಯ ಕಡೆ ಉಳಿದ ತುಂಡು ಪಕ್ಕದ ಮೆಥನಾಲಿನಿಂದ ಒಂದು ಹೈಡ್ರೋಜನ್ ಕಿತ್ತುಕೊಂಡು ಸುಮ್ಮನಾಗುತ್ತದೆ. ಹಾಗೆ ಕಿತ್ತುಕೊಂಡಾಗ ಇನ್ನೊಂದು ಹೊಸ ಮೆಥಾಕ್ಸೈಡ್ ಹುಟ್ಟುತ್ತದೆ. ಸರಪಳಿ ಮುಂದುವರಿಯುತ್ತದೆ. ಹಾಕಿದ್ದು ಖರ್ಚಾಗದೆ ಮತ್ತೆ ಹುಟ್ಟಿ ಬಂದಾಗ ಮಾತ್ರ ಅದು ಕ್ಯಾಟಲಿಸ್ಟ್.

ನಮ್ಮ ಪಠ್ಯದಲ್ಲಿ ಇದಕ್ಕೆ ಕ್ರಿಯಾವರ್ಧಕ ಅನ್ನುತ್ತಾರೆ. ಆ ಹೆಸರು ಕೇಳಿದ ಹುಡುಗರಿಗೆ ಬರೀ ವೇಗ ನೆನಪಿರುತ್ತದೆ, ಹೆಚ್ಚು ಹಾಕಿದರೆ ಹೆಚ್ಚು ಬೇಗ ಅಂದುಕೊಳ್ಳುತ್ತಾರೆ. ನಾನೂ ಆ ಶನಿವಾರ ರಾತ್ರಿ ಹಾಗೇ ಮಾಡಿದೆ. ಈಗ ಕ್ಲಾಸಿನಲ್ಲಿ ದಾರಿಯ ಲೆಕ್ಕದಲ್ಲಿ ಹೇಳುತ್ತೇನೆ. ಹಾಸನದಿಂದ ಮಂಗಳೂರಿಗೆ ಹೋಗಬೇಕು. ಎರಡು ಊರೂ ಇದ್ದಲ್ಲೇ ಇರುತ್ತವೆ, ಎತ್ತರವೂ ಬದಲಾಗುವುದಿಲ್ಲ. ನಡುವೆ ಗುಡ್ಡ ಹತ್ತಿ ಇಳಿಯಬೇಕೋ, ಶಿರಾಡಿ ಘಾಟಿಯಲ್ಲಿ ಇಳಿಯಬೇಕೋ ಅನ್ನುವುದಷ್ಟೇ ಪ್ರಶ್ನೆ. ಕ್ಯಾಟಲಿಸ್ಟ್ ಕೊಡುವುದು ಘಾಟಿ ರಸ್ತೆಯನ್ನು. ಆದರೆ ಮಳೆಗಾಲದಲ್ಲಿ ಶಿರಾಡಿಯಲ್ಲಿ ಮಣ್ಣು ಕುಸಿದರೆ ಎಷ್ಟು ಬಸ್ ಬಿಟ್ಟರೂ ಪ್ರಯೋಜನ ಇಲ್ಲ, ಚಾರ್ಮಾಡಿ ಕಡೆ ತಿರುಗಬೇಕು. ನಮ್ಮ ಎಣ್ಣೆಯಲ್ಲಿ ಮಣ್ಣು ಕುಸಿದಿತ್ತು. ಆ ಮಣ್ಣು ಬಿಡಿ ಆಮ್ಲ.

ಅದು ಎಲ್ಲಿಂದ ಬಂತು? ಅಟ್ಟದಿಂದ. ಮೊಳಕೆ ಒಡೆಯುವ ಬೀಜ ತನ್ನ ಎಣ್ಣೆಯನ್ನು ಒಡೆದು ಊಟ ಮಾಡಿಕೊಳ್ಳಬೇಕಲ್ವಾ? ಅದಕ್ಕೆ ಬೀಜದೊಳಗೆ ಲೈಪೇಸ್ ಅನ್ನುವ ಕಿಣ್ವ ಇರುತ್ತದೆ. ಬೂಷ್ಟಿನಲ್ಲೂ ಇರುತ್ತದೆ. ತೇವ ಸಿಕ್ಕರೆ ಅದು ಹಲುಬೆಯ ಹಲ್ಲನ್ನು ನೀರಿನ ಸಹಾಯದಿಂದ ಕಳಚುತ್ತದೆ. ಮೆಥನಾಲಿನ ಜಾಗದಲ್ಲಿ ನೀರು ಬಂದರೆ ಸಿಗುವುದು ಎಸ್ಟರ್ ಅಲ್ಲ, ಬಿಡಿ ಕೊಬ್ಬಿನಾಮ್ಲ. ಕಿಣ್ವವೂ ಕ್ಯಾಟಲಿಸ್ಟೇ. ಅಂದರೆ ನಾನು ನವೆಂಬರ್‌ನಲ್ಲಿ ಶುರು ಮಾಡಿದೆ ಅಂದುಕೊಂಡ ಕ್ರಿಯೆ ಜೂನ್‌ನಲ್ಲೇ ಗೋಣಿಚೀಲದೊಳಗೆ ಬೇರೆ ಕ್ಯಾಟಲಿಸ್ಟಿನ ಕೈಯಲ್ಲಿ ಬೇರೆ ದಾರಿ ಹಿಡಿದು ನಡೆದಿತ್ತು. ಎಣ್ಣೆಯ ಸುಮಾರು ಶೇ 6 ಭಾಗ ಬಿಡಿ ಆಮ್ಲವಾಗಿತ್ತು. ಶೇ 2 ದಾಟಿದರೇ ನೇರವಾಗಿ ಪೊಟ್ಯಾಷ್ ಹಾಕುವುದು ಕಷ್ಟ.

ಹಾಗಾದರೆ ಬಿಡಿ ಆಮ್ಲಕ್ಕೆ ಬೇರೆ ದಾರಿ ಬೇಕು. ಅದು ಗಂಧಕಾಮ್ಲದ ದಾರಿ. ಗಂಧಕಾಮ್ಲ ತನ್ನ ಪ್ರೋಟಾನನ್ನು ಕೊಬ್ಬಿನಾಮ್ಲದ ಆಮ್ಲಜನಕಕ್ಕೆ ಕೊಡುತ್ತದೆ. ಆಗ ಪಕ್ಕದ ಇಂಗಾಲ ಎಷ್ಟು ಸೊರಗುತ್ತದೆ ಅಂದರೆ ಸಾದಾ ಮೆಥನಾಲ್ ಬಂದರೂ ಹಿಡಿದುಕೊಳ್ಳುತ್ತದೆ. ನೀರು ಬಿಟ್ಟು ಹೋಗುತ್ತದೆ, ಎಸ್ಟರ್ ಉಳಿಯುತ್ತದೆ, ಪ್ರೋಟಾನ್ ವಾಪಸ್ ಬರುತ್ತದೆ. ಬಿಡಿ ಆಮ್ಲ ಸೋಪಾಗದೆ ಇಂಧನವೇ ಆಗುತ್ತದೆ. ಇದೇ ಆಮ್ಲದಿಂದ ಪೂರ್ತಿ ಎಣ್ಣೆಯನ್ನೂ ಬದಲಿಸಬಹುದು, ಆದರೆ ಪೊಟ್ಯಾಷಿಗಿಂತ ಸಾವಿರಾರು ಪಟ್ಟು ನಿಧಾನ. ಆದ್ದರಿಂದ ಮೊದಲು ಆಮ್ಲ, ಆಮೇಲೆ ಕ್ಷಾರ. ಎರಡು ಕ್ಯಾಟಲಿಸ್ಟಿಗೆ ಎರಡು ಕೆಲಸ.

ಡಿಸೆಂಬರ್. ಈ ಸಲ ಮೊದಲು ಒಂದು ಲೀಟರನ್ನು ಲ್ಯಾಬಿನಲ್ಲಿ ಮಾಡಿ ನೋಡಿದೆ, ಆಮೇಲೆ ಹದಿನಾಲ್ಕು ಲೀಟರ್. ಎಣ್ಣೆಯನ್ನು 110 ಡಿಗ್ರಿಗೆ ಕಾಯಿಸಿ, ಚಟಪಟ ಸದ್ದು ನಿಲ್ಲುವ ತನಕ ಇಟ್ಟು ನೀರು ತೆಗೆದೆ. ಆರಿಸಿದೆ. ಎರಡೂವರೆ ಲೀಟರ್ ಮೆಥನಾಲಿಗೆ 35 ಎಂಎಲ್ ಗಂಧಕಾಮ್ಲವನ್ನು ಹನಿಹನಿಯಾಗಿ, ಆಮ್ಲವನ್ನೇ ಮೆಥನಾಲಿಗೆ, ಕಲಕುತ್ತಾ ಹಾಕಿ ಎಣ್ಣೆಗೆ ಸೇರಿಸಿದೆ. ಕಾವು 58ರಿಂದ 60 ಡಿಗ್ರಿ. ಮೆಥನಾಲ್ 64.7ಕ್ಕೆ ಕುದಿಯುತ್ತದೆ, ಅದಕ್ಕಿಂತ ಸ್ವಲ್ಪ ಕೆಳಗೇ ಇರಬೇಕು. ಎರಡು ಗಂಟೆ ಕಲಕಿ ರಾತ್ರಿ ಬಿಟ್ಟೆ. ಬೆಳಗ್ಗೆ ಮೆಥನಾಲ್, ನೀರು, ಆಮ್ಲ ಸೇರಿದ ತೆಳು ಪದರ ಮೇಲೆ ತೇಲುತ್ತಿತ್ತು. ಸೈಫನ್ ಮಾಡಿ ತೆಗೆದೆ. ಸೈಫನ್ ಅಂದರೆ ಕೈ ಪಂಪು, ಬಾಯಿ ಹಾಕಿ ಎಳೆಯುವುದಲ್ಲ. ಮೆಥನಾಲ್ ಒಳಗೆ ಹೋದರೆ ನಮ್ಮ ಯಕೃತ್ತಿನ ಕಿಣ್ವಗಳು ಅದನ್ನು ಫಾರ್ಮಾಲ್ಡಿಹೈಡ್, ಅಲ್ಲಿಂದ ಫಾರ್ಮಿಕ್ ಆಮ್ಲ ಮಾಡುತ್ತವೆ. ಕಣ್ಣು ಹೋಗುವುದು, ಜೀವ ಹೋಗುವುದು ಅದರಿಂದ. ಅಂಗಡಿಯಿಂದ ತರುವಾಗಲೂ ಅನುಮತಿ, ಲೆಕ್ಕ ಎಲ್ಲ ಸರಿಯಾಗಿ ಇಟ್ಟುಕೊಂಡೇ ತರಬೇಕು. ಕನ್ನಡಕ, ರಬ್ಬರ್ ಗ್ಲೌಸ್ ಇಲ್ಲದೆ, ಬಯಲು ಗಾಳಿ ಇಲ್ಲದೆ ಕ್ಯಾನ್ ತೆರೆಯಬೇಡಿ. ಮಕ್ಕಳನ್ನು ಆ ದಿನ ಅಜ್ಜಿ ಮನೆಗೆ ಕಳಿಸಿಬಿಡಿ.

ಮತ್ತೆ ಬ್ಯೂರೆಟ್. 1.6 ಎಂಎಲ್. ಗುಲಾಬಿ ನಿಂತಾಗ ನನಗೆ ಆದ ಖುಷಿ ಹೇಳತೀರದು. ಲ್ಯಾಬ್ ಅಟೆಂಡರನ್ನು ಕರೆದು ತೋರಿಸಿದೆ.

ಈಗ ಪೊಟ್ಯಾಷಿನ ಲೆಕ್ಕ. ಶುದ್ಧವಾದದ್ದು ಲೀಟರಿಗೆ 7 ಗ್ರಾಂ ಬೇಕು. ಅಂಗಡಿಯ ಗುಳಿಗೆ ಶೇ 85 ಮಾತ್ರ, ಉಳಿದದ್ದು ಹೆಚ್ಚಾಗಿ ನೀರು. ಹಾಗಾಗಿ 8.2. ಉಳಿದ ಆಮ್ಲಕ್ಕೆ 1.6. ಒಟ್ಟು 9.8. ಹದಿನಾಲ್ಕು ಲೀಟರಿಗೆ 137 ಗ್ರಾಂ. ಮೆಥನಾಲ್ ಮೂರೂವರೆ ಲೀಟರ್. ಒಂದು ಎಣ್ಣೆ ಅಣುವಿಗೆ ಮೂರು ಮೆಥನಾಲ್ ಸಾಕು, ನಾನು ಆರು ಕೊಟ್ಟೆ. ಈ ಕ್ರಿಯೆ ಎರಡೂ ಕಡೆ ನಡೆಯುವಂಥದ್ದು. ಗ್ಲಿಸರಾಲ್ ಕೂಡಿಕೊಂಡ ಹಾಗೆ ವಾಪಸ್ ಹೋಗಲು ನೋಡುತ್ತದೆ. ಮೆಥನಾಲ್ ಜಾಸ್ತಿ ಇದ್ದರೆ ಮುಂದಕ್ಕೆ ತಳ್ಳುತ್ತದೆ. ಇನ್ನೂ ಒಂದು ಉಪಾಯ ಇದೆ, ಗ್ಲಿಸರಾಲನ್ನೇ ನಡುವೆ ತೆಗೆದುಬಿಡುವುದು. ಅದಕ್ಕೆ ಪೊಟ್ಯಾಷ್ ಕರಗಿಸಿದ ಮೆಥನಾಲನ್ನು ಎರಡು ಪಾಲು ಮಾಡಿದೆ, ಮೊದಲು ನಾಲ್ಕು ಭಾಗ, ಆಮೇಲೆ ಒಂದು ಭಾಗ.

ಮೊದಲ ಪಾಲು ಹಾಕಿ ಒಂದು ಗಂಟೆ ಕಲಕಿ ಮೋಟಾರ್ ನಿಲ್ಲಿಸಿದೆ. ಸ್ಟೂಲ್ ಹಾಕಿಕೊಂಡು ವಾಲ್ವಿನ ಮುಂದೆ ಕೂತೆ. ಮೊದಲು ಆ ಗೇಣುದ್ದದ ಪೈಪಿನಲ್ಲಿ ಎಲ್ಲ ಒಂದೇ ಬಣ್ಣ, ಕಲಕಿದ ಟೀ ಹಾಗೆ. ಐದು ನಿಮಿಷಕ್ಕೆ ಸಣ್ಣ ಕಪ್ಪು ಎಳೆಗಳು ಮಳೆ ನೀರಿನ ಹಾಗೆ ಕೆಳಗಿಳಿಯತೊಡಗಿದವು. ಹತ್ತು ನಿಮಿಷಕ್ಕೆ ಪೈಪಿನ ತಳದಲ್ಲಿ ಬೆರಳಗಲ ಕಪ್ಪು. ಇಪ್ಪತ್ತು ನಿಮಿಷಕ್ಕೆ ಪೈಪು ಪೂರ್ತಿ ಕಪ್ಪು. ವೆಲ್ಡಿಂಗ್ ಅಣ್ಣ ಬೈಕ್ ನಿಲ್ಲಿಸಿ ಬಂದು ನೋಡಿ, "ಮೇಷ್ಟ್ರೇ, ಒಡೀತಲ್ಲ ಇದು!" ಅಂದರು. ಹಾಲು ಒಡೆದರೆ ಬೇಜಾರು, ಇದು ಒಡೆದರೆ ಹಬ್ಬ. ಎರಡು ಲೀಟರಿನಷ್ಟು ಗ್ಲಿಸರಿನ್ ಕೆಳಗಿನಿಂದ ಬಸಿದೆವು. ಪೈಪಿನಲ್ಲಿ ಕಪ್ಪು ಮುಗಿದು ಜೇನಿನ ಬಣ್ಣ ಬಂದ ಕ್ಷಣಕ್ಕೆ ವಾಲ್ವ್ ಮುಚ್ಚಬೇಕು.

ಕೆಲಸ ಎಷ್ಟು ಆಯಿತು ಅಂತ ತಿಳಿಯಲು ಒಂದು ಸುಲಭ ಪರೀಕ್ಷೆ ಇದೆ. 27 ಎಂಎಲ್ ಮೆಥನಾಲಿಗೆ 3 ಎಂಎಲ್ ಇಂಧನ ಹಾಕಿ ಕುಲುಕಿ ಬಿಡುವುದು. ಎಸ್ಟರ್ ಮೆಥನಾಲಿನಲ್ಲಿ ಕರಗುತ್ತದೆ, ಬದಲಾಗದೆ ಉಳಿದ ಎಣ್ಣೆ ಕರಗದೆ ತಳಕ್ಕೆ ಹನಿಯಾಗಿ ಕೂರುತ್ತದೆ. ಸುಮಾರು 20 ಡಿಗ್ರಿಯಲ್ಲಿ ಮಾಡಬೇಕು. ಡಿಸೆಂಬರ್ ಬೆಳಗ್ಗೆ ನಮ್ಮ ಕಡೆ ಅದು ತಾನಾಗೇ ಸಿಗುತ್ತದೆ. ಮೊದಲ ಪಾಲಿನ ನಂತರ ತಳದಲ್ಲಿ ಸಾಸಿವೆ ಗಾತ್ರದ ಹಳದಿ ಹನಿಗಳು ಸೇರಿ ಒಂದು ತೊಟ್ಟಾಯಿತು. ಎರಡನೇ ಪಾಲು ಹಾಕಿ ಕಲಕಿ, ಮತ್ತೆ ಬಸಿದು, ಪರೀಕ್ಷೆ ಮಾಡಿದರೆ ಬಾಟಲಿ ಸ್ವಚ್ಛ. ಒಂದು ಮಾತು: ಒಂದು ಹಲ್ಲೋ ಎರಡು ಹಲ್ಲೋ ಉಳಿಸಿಕೊಂಡ ಅರೆಬರೆ ಅಣುಗಳು ಈ ಪರೀಕ್ಷೆಯಲ್ಲಿ ತಪ್ಪಿಸಿಕೊಳ್ಳುತ್ತವೆ. ಆದರೆ ಮನೆಮಟ್ಟಿಗೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ನನಗೆ ಕಂಡಿಲ್ಲ.

ತೊಳೆಯುವುದಕ್ಕೆ ಹೊಸ ಕೈ ಸ್ಪ್ರೇಯರ್ ತಂದೆ. ಔಷಧಿ ಹೊಡೆದ ಹಳೆಯದು ಬೇಡ. ಉಗುರುಬೆಚ್ಚಗಿನ ನೀರನ್ನು ಇಬ್ಬನಿಯ ಹಾಗೆ ಮೇಲಿನಿಂದ ಬಿಟ್ಟರೆ ಹನಿಗಳು ಇಳಿಯುತ್ತಾ ಸೋಪನ್ನೂ ಪೊಟ್ಯಾಷನ್ನೂ ಎತ್ತಿಕೊಂಡು ಹೋಗುತ್ತವೆ. ಮೊದಲ ನೀರು ಮಜ್ಜಿಗೆ, ಎರಡನೆಯದು ಅಕ್ಕಿ ತೊಳೆದ ನೀರು, ನಾಲ್ಕನೆಯದು ತಿಳಿ. ಅಗಲ ಪಾತ್ರೆಗೆ ಹಾಕಿ ಬಟ್ಟೆ ಮುಚ್ಚಿ ಎರಡು ದಿನ ಬಿಸಿಲಿಗಿಟ್ಟೆ. ಗಾಜಿನ ಲೋಟದ ಹಿಂದೆ ಪೇಪರ್ ಹಿಡಿದರೆ ಅಕ್ಷರ ಓದಲು ಬರುವಷ್ಟು ತಿಳಿಯಾಯಿತು. ಕೈಗೆ ಸಿಕ್ಕಿದ್ದು 12 ಲೀಟರ್.

ಪಂಪ್‌ಸೆಟ್ಟಿಗೆ ಮೊದಲು ಐದರಲ್ಲಿ ಒಂದು ಪಾಲು ಇದು, ಉಳಿದದ್ದು ಡೀಸೆಲ್. ಹಳೇ ರಬ್ಬರ್ ಪೈಪು ಇದಕ್ಕೆ ಉಬ್ಬಿ ಮೆತ್ತಗಾಗುತ್ತದೆ, ಆದ್ದರಿಂದ ಮೊದಲೇ ಬದಲಿಸಿದೆ. ಟ್ಯಾಂಕಿನ ಹಳೇ ಕೊಳೆಯನ್ನೂ ಇದು ಎಬ್ಬಿಸುತ್ತದೆ. ಎರಡನೇ ದಿನ ಫಿಲ್ಟರ್ ಕಟ್ಟಿತು, ಹೊಸದು ಹಾಕಿದ ಮೇಲೆ ತೊಂದರೆ ಇಲ್ಲ. ಹೊಗೆ ಕಮ್ಮಿ, ಸದ್ದು ಸ್ವಲ್ಪ ಮೆತ್ತಗೆ. 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಡೀಸೆಲ್ ಎಂಜಿನ್ನೊಂದನ್ನು ಕಡಲೆಕಾಯಿ ಎಣ್ಣೆಯಲ್ಲಿ ಓಡಿಸಿ ತೋರಿಸಿದ್ದರು ಅಂತ ಹುಡುಗರಿಗೆ ಹೇಳುತ್ತಿರುತ್ತೇನೆ. ನಮ್ಮ ಹಳ್ಳದ ದಂಡೆಯಲ್ಲಿ ಅದೇ ಸದ್ದು ಕೇಳುವಾಗ ಬೇರೆಯೇ ಅನಿಸಿತು. ಅಪ್ಪ ಇದ್ದಿದ್ದರೆ ಎಂಜಿನ್ ಪಕ್ಕದಲ್ಲೇ ಕೂತಿರುತ್ತಿದ್ದರು.

ಉಳಿದದ್ದು ಆ ಹತ್ತು ಲೀಟರ್ ಮುದ್ದೆ. ಎಸೆಯಲು ಮನಸ್ಸು ಬರಲಿಲ್ಲ. ಹಳ್ಳದ ಕಡೆ ಎಸೆಯುವುದಂತೂ ಆಗದ ಮಾತು. ಸೋಪು ಅಂದರೆ ಕೊಬ್ಬಿನಾಮ್ಲದ ಜೊತೆ ಪೊಟ್ಯಾಸಿಯಂ ಸೇರಿದ್ದು. ಗಂಧಕಾಮ್ಲ ಕೊಟ್ಟರೆ ಪೊಟ್ಯಾಸಿಯಂ ಅದರ ಜೊತೆ ಹೋಗಿ ಕೊಬ್ಬಿನಾಮ್ಲ ಬಿಡುಗಡೆಯಾಗಬೇಕು. ಮೊದಲು ಒಂದು ಲೋಟದಷ್ಟರಲ್ಲಿ ನೋಡಿದೆ. ಬಿಸಿನೀರಿನಲ್ಲಿ ಮುದ್ದೆ ಕಲಕಿ, ನೀರು ಬೆರೆಸಿದ ಆಮ್ಲ ಹನಿಸಿದರೆ ಹಾಲಿನಂತಿದ್ದದ್ದು ಇದ್ದಕ್ಕಿದ್ದಂತೆ ಬಿಟ್ಟುಕೊಂಡಿತು. ಕಪ್ಪೆಣ್ಣೆ ಮೇಲೆ, ನೀರು ಕೆಳಗೆ.

ಪೂರ್ತಿಗೆ ಐದು ಲೀಟರ್ ನೀರಿಗೆ 60 ಎಂಎಲ್ ಗಂಧಕಾಮ್ಲ ಹಾಕಿ ಮಾಡಿದೆ. ಆಮ್ಲವನ್ನು ನೀರಿಗೆ, ಯಾವತ್ತೂ ನೀರನ್ನು ಆಮ್ಲಕ್ಕಲ್ಲ. ನೀಲಿ ಲಿಟ್ಮಸ್ ಕೆಂಪಾಗುವ ತನಕ ಬಿಟ್ಟೆ. ಮೆಥನಾಲ್ ಇನ್ನೂ ಇದ್ದದ್ದರಿಂದ ಎಲ್ಲ ಅಂಗಳದಲ್ಲೇ, ಗಾಳಿಗೆ ಬೆನ್ನು ಮಾಡಿ. ಬಿಸಿನೀರಿನಲ್ಲಿ ಎರಡು ಸಲ ತೊಳೆದು, ಎರಡು ದಿನ ಬಯಲಿಗಿಟ್ಟು, ಕೊನೆಗೆ ಕಾಯಿಸಿ ನೀರು ತೆಗೆದೆ. ಎಂಟೂವರೆ ಲೀಟರ್ ಉಳಿಯಿತು. ಬ್ಯೂರೆಟ್ 15.4 ತೋರಿಸಿತು, ಮೊದಲಿಗಿಂತ ಜಾಸ್ತಿ. ನಡುವೆ ನೀರು ಸೇರಿದ್ದರಿಂದ ಇನ್ನಷ್ಟು ಹಲ್ಲುಗಳು ಕಳಚಿ ಬಿಡಿ ಆಮ್ಲವಾಗಿವೆ.

ಈ ಎಣ್ಣೆಗೆ ಒಂದು ಸಲದ ಆಮ್ಲ ಸಾಲಲಿಲ್ಲ. 4.1ಕ್ಕೆ ಬಂದು ನಿಂತಿತು. ಕ್ರಿಯೆಯಲ್ಲೇ ಹುಟ್ಟುವ ನೀರು ಅಲ್ಲೇ ಕೂತು ಹಿಂದಕ್ಕೆ ಎಳೆಯುತ್ತದೆ, ಎಷ್ಟು ಹೊತ್ತು ಕಲಕಿದರೂ ಅಷ್ಟೇ. ಮೇಲಿನ ನೀರಿನ ಪದರ ತೆಗೆದು, ಹೊಸ ಮೆಥನಾಲ್, ಹೊಸ ಆಮ್ಲ ಹಾಕಿ ಇನ್ನೊಂದು ಸುತ್ತು ಮಾಡಿದೆ. ಮೊನ್ನೆ ಶುಕ್ರವಾರ 1.9 ಬಂತು. ಇದಕ್ಕೆ ಪೊಟ್ಯಾಷ್ ಹಾಕುವುದು ಈ ಶನಿವಾರ.

ಬೇಲಿಯಲ್ಲಿ ಈ ವರ್ಷದ ಕಾಯಿ ಕಂದು ಬಣ್ಣಕ್ಕೆ ತಿರುಗಿದೆ. ಎರಡು ಚೀಲ ಬಡಿದಾಗಿದೆ. ಅಮ್ಮ ಕಣದಲ್ಲಿ ಹರವಿ, ದಿನಕ್ಕೆ ಎರಡು ಸಲ ಕಾಲಲ್ಲಿ ತಿರುವಿ ಹಾಕುತ್ತಿದ್ದಾರೆ. ಕಾಯಿ ಕುಲುಕಿದರೆ ಒಳಗೆ ಬೀಜ ಗಲಗಲ ಅನ್ನಬೇಕಂತೆ, ಅಲ್ಲೀತನಕ ಚೀಲಕ್ಕೆ ತುಂಬಲು ಬಿಡುವುದಿಲ್ಲವಂತೆ.